ಅಂಚಣ್ಣನ ಏರ್‌ಗನ್ನೂ ಬೀದಿಯ ಎಡಗಣ್ಣೂ

ಊಟದ ಹೊತ್ತಿನಲ್ಲಿ ಮನುಷ್ಯ ಎಚ್ಚರ ತಪ್ಪುತ್ತಾನೆ. ಹೊಟ್ಟೆ ತುಂಬುತ್ತ ಬಂದ ಹಾಗೆ ನಾಲಿಗೆಯ ಗಂಟು ಸಡಿಲವಾಗುತ್ತದೆ. ಎದುರಿಗೆ ಕೂತವರೆಲ್ಲ ತನ್ನ ಮಾತು ನಂಬುವುದಕ್ಕೆಂದೇ ಹುಟ್ಟಿದವರಂತೆ ಕಾಣುತ್ತಾರೆ. ಷಡ್ಡಕನ ಮನೆಯಲ್ಲಿ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಾಗ ಅಂಚಣ್ಣನಿಗೆ ಆದದ್ದು ಅದೇ.

ಷಡ್ಡಕ ತಾನು ಹೊಸದಾಗಿ ಸೇರಿದ್ದ ರೈಫಲ್ ಕ್ಲಬ್ಬಿನ ಪ್ರತಾಪ ಹೇಳುತ್ತಿದ್ದ. "ಉಸಿರು ಬಿಗಿ ಹಿಡೀಬೇಕು, ಮನಸ್ಸು ಕಲ್ಲಾಗಬೇಕು. ನಿಮ್ಮಂಥ ಸಾಧುಗಳಿಗೆ ಆಗಿಬರೋ ಕೆಲಸ ಅಲ್ಲ ಬಿಡಿ ಭಾವ."

"ನನಗೇನು ಹೊಸದಾ?" ಅಂದ ಅಂಚಣ್ಣ. "ಕಾಲೇಜಲ್ಲಿದ್ದಾಗ ಗುರಿ ಹೊಡೀತಿದ್ದೆ. ಒಂದು ಸಲವೂ ತಪ್ಪಿಲ್ಲ."

ಈ ಮಾತಿನ ಎರಡನೆಯ ಅರ್ಧ ಅಪ್ಪಟ ಸತ್ಯ. ಹೊಡೆದವನಿಗೆ ತಾನೇ ತಪ್ಪುವ ಭಯ? ಅಂಚಣ್ಣ ಜನ್ಮದಲ್ಲಿ ಬಂದೂಕು ಮುಟ್ಟಿದವನಲ್ಲ.

"ಹೌದಾ! ಹಾಗಾದ್ರೆ ಬರೋ ತಿಂಗಳ ಪಂದ್ಯಕ್ಕೆ ನಿಮ್ಮ ಹೆಸರು ಬರೆಸ್ತೀನಿ. ನಿಮ್ಮದೇ ಗನ್ ತರಬೇಕು."

"ತರೋಣಂತೆ. ಅದಕ್ಕೇನಂತೆ?"

ಪಕ್ಕದಲ್ಲಿ ಕೂತಿದ್ದ ಹೆಂಡತಿ ಮೆಲ್ಲಗೆ, "ತಟ್ಟೆ ನೋಡ್ಕೊಂಡು ಊಟ ಮಾಡಿ ರೀ," ಅಂದಳು. ಆದರೆ ಮಾತು ಆಗಲೇ ಬಾಗಿಲು ದಾಟಿ ಹೋಗಿತ್ತು.

ಅಂಚಣ್ಣನ ಕೆಲಸ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಫೋಟೋಗಳ ಅಂಚು ಕತ್ತರಿಸುವುದು. ಅದರಿಂದಲೇ ಆ ಹೆಸರು. ಮುಖದ ಮೇಲೆ ಬೆರಳಿನ ಗುರುತಾಗಲಿ ಗೀರಾಗಲಿ ಬೀಳಕೂಡದು ಎಂದು ಮಾಲೀಕರ ಕಟ್ಟಪ್ಪಣೆ ಇದ್ದುದರಿಂದ ಪ್ರತಿ ಫೋಟೋವನ್ನೂ ಮಗುಚಿ ಹಾಕಿ, ಬೆನ್ನ ಕಡೆಯಿಂದಲೇ ಕತ್ತರಿಸಬೇಕು. ಹೀಗಾಗಿ ಊರಿನ ಅರ್ಧ ಜನ ಅವನ ಕೈಯಲ್ಲಿ ಹಾದುಹೋಗಿದ್ದರೂ ಅವನು ಒಬ್ಬರ ಮುಖವನ್ನೂ ನೆಟ್ಟಗೆ ನೋಡಿದವನಲ್ಲ. ಅವನ ಮಟ್ಟಿಗೆ ಮನುಷ್ಯರೆಂದರೆ ನಾಲ್ಕು ಅಂಚು, ನಡುವೆ ಬಿಳಿ.

ಹೆಂಡತಿಯದು ಇದಕ್ಕೆ ತದ್ವಿರುದ್ಧ. ಅವಳು ಮನೆಯ ಮುಂದಿನ ಕೋಣೆಯಲ್ಲಿ ವಾಚು ರಿಪೇರಿ ಮಾಡುತ್ತಿದ್ದಳು. ಎಡಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿಗಿಂತ ಸಣ್ಣ ಚಕ್ರದ ಹಲ್ಲನ್ನು ಚಿಮುಟದಲ್ಲಿ ಹಿಡಿದು ಕೂತರೆ ಹೊತ್ತು ಹೋದದ್ದು ಅವಳಿಗೆ ತಿಳಿಯುತ್ತಿರಲಿಲ್ಲ. ಹೊತ್ತು ತೋರಿಸುವ ಸಾಮಾನುಗಳ ನಡುವೆಯೇ ಕೂತಿದ್ದರೂ. ಮನೆ ನಡೆಯುತ್ತಿದ್ದದ್ದು ಬಹುಪಾಲು ಆ ಎಡಗಣ್ಣಿನಿಂದಲೇ. ಅಂಚಣ್ಣನ ಸಂಬಳ ಅಂಚಿಗೆ ಮಾತ್ರ ಸಾಕಾಗುತ್ತಿತ್ತು.

ಪೇಟೆಯ ಕೊನೆಯ ಓಣಿಯಲ್ಲಿ ಆಟದ ಸಾಮಾನಿನ ಅಂಗಡಿ. ಒಳಗೆ ಮಧ್ಯಾಹ್ನವೂ ಮಬ್ಬು. ಗಾಳಿ ಹೋದ ಚೆಂಡುಗಳು ಸೂರಿನಿಂದ ತೂಗುತ್ತಿದ್ದವು. ಬಾಗಿಲು ತೆರೆದಾಗ ಅವೆಲ್ಲ ಒಟ್ಟಿಗೆ ಅರ್ಧ ಸುತ್ತು ತಿರುಗಿ ಅಂಚಣ್ಣನ ಕಡೆ ನಿಂತವು. ಅಂಗಡಿಯವನು ಕತ್ತಲೊಳಗಿಂದಲೇ ಮಾತಾಡಿದ.

"ಏರ್‌ಗನ್ನಾ? ಪಂದ್ಯಕ್ಕೋ, ಹೊತ್ತು ಕಳೆಯೋಕೋ?"

"ಪಂದ್ಯದ ಹಾಗೆ ಕಾಣಬೇಕು, ಹೊತ್ತು ಕಳೆಯೋ ಬೆಲೆಗೆ ಸಿಗಬೇಕು."

ಅಂಗಡಿಯವನು ಒಂದೊಂದಾಗಿ ತೋರಿಸಿದ. ಸಿಲಿಂಡರಿನಿಂದ ಗಾಳಿ ತುಂಬುವಂಥದ್ದು: ಸದ್ದಿಲ್ಲ, ನಡುಕವಿಲ್ಲ, ಬೆಲೆ ಕೇಳಿದರೆ ಮಾತ್ರ ನಡುಕ. ಮೇಲೆ ದುರ್ಬೀನು ಕೂರಿಸಿದ್ದು: ಅದರಲ್ಲಿ ಅಂಚಣ್ಣನಿಗೆ ತನ್ನ ರೆಪ್ಪೆ ಬಿಟ್ಟು ಬೇರೇನೂ ಕಾಣಲಿಲ್ಲ. ನಳಿಗೆಯನ್ನು ಬಗ್ಗಿಸಿ ಗುಂಡಿಟ್ಟು ಸ್ಪ್ರಿಂಗ್ ಎಳೆಯುವಂಥದ್ದು. "ಮೊದಲ ಸಲ ಕೊಳ್ಳೋರಿಗೆ ಇದೇ ಸರಿ," ಅಂದ ಅಂಗಡಿಯವನು. "ಕೆಡೋಕೆ ಒಳಗೆ ಏನೂ ಇಲ್ಲ."

"ಇದಕ್ಕಿಂತ ಕಡಿಮೆದು?"

"ಇದು."

"ಇದಕ್ಕಿಂತ?"

ಅಂಗಡಿಯವನು ಪರದೆಯ ಹಿಂದೆ ಹೋಗಿ, ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಒಂದನ್ನು ಎರಡೂ ಕೈಯಲ್ಲಿ ತಂದು ಮೇಜಿನ ಮೇಲೆ ಇಟ್ಟ. "ಇದು ಒಬ್ಬರು ವಾಪಸ್ ಕೊಟ್ಟಿದ್ದು."

"ಯಾಕೆ? ಗುರಿಗೆ ಬೀಳಲ್ವಾ?"

"ಬೀಳತ್ತೆ. ಆದ್ರೆ ಯಾರ ಗುರಿಗೆ ಅನ್ನೋದೇ ಗೊತ್ತಾಗಲ್ಲ ಅಂದ್ರು."

"ಅವರು ಏನು ಕೆಲಸ ಮಾಡ್ತಿದ್ರು?"

"ಈಗೇನೂ ಮಾಡ್ತಿಲ್ಲ."

ಇಷ್ಟು ಕೇಳಿದ ಮೇಲೆ ಬುದ್ಧಿಯಿದ್ದವರು ಚೆಂಡು ಕೊಂಡು ಮನೆಗೆ ಹೋಗುತ್ತಿದ್ದರು. ಅಂಚಣ್ಣ ಬೆಲೆ ಕೇಳಿದ. ಕೇಳಿ, ಮುಖ ಅರಳಿ, ಟವೆಲ್ಲನ್ನೂ ಸೇರಿಸಿ ಕೊಡುವಂತೆ ಚೌಕಾಸಿ ಮಾಡಿದ.

"ಹಿಂದುಗಡೆ ದಪ್ಪ ಹಾಸಿಗೆ ನಿಲ್ಲಿಸಿ ಹೊಡೀರಿ. ಮನುಷ್ಯರ ಕಡೆ ತಿರುಗಿಸಬೇಡಿ," ಅಂದ ಅಂಗಡಿಯವನು. "ಕಣ್ಣು ಜೋಪಾನ."

"ನನ್ನ ಕಣ್ಣಿಗೇನು ಆಗತ್ತೆ?"

"ನಿಮ್ಮದು ಅಂತ ನಾನು ಹೇಳಲಿಲ್ಲ."

ಗುರಿ ಹಾಳೆ ಬೇಕೇ ಎಂದಾಗ ಅಂಚಣ್ಣ ನಕ್ಕುಬಿಟ್ಟ. ಬಿಳಿ ಕಾಗದದ ಮೇಲೆ ನಾಲ್ಕು ಸುತ್ತು ಬರೆದದ್ದಕ್ಕೆ ದುಡ್ಡು! ಅವನ ಮೇಜಿನ ಕೆಳಗೇ ಕಟ್ಟುಗಟ್ಟಲೆ ದಪ್ಪ ಕಾಗದ ಬಿದ್ದಿತ್ತು. ದೊಡ್ಡದಾಗಿ ಫೋಟೋ ಮಾಡಿಸಿ, ಕೊಳ್ಳಲು ಬಂದಾಗ "ಇದು ನಾನಲ್ಲ, ನನ್ನ ಮುಖ ಹೀಗಿಲ್ಲ" ಎಂದು ಜಗಳವಾಡಿ ಬಿಟ್ಟುಹೋಗುವವರು ಆ ಊರಿನಲ್ಲಿ ಬೇಕಾದಷ್ಟಿದ್ದರು. ಮಾಲೀಕರು ಅಂಥವನ್ನು ಎಸೆಯದೆ ಕಟ್ಟಿ ಇಡುತ್ತಿದ್ದರು. ಬೇಡವಾದ ಮುಖಗಳ ಆ ಕಟ್ಟನ್ನು ಅಂಚಣ್ಣ ಕೇಳಿ ಮನೆಗೆ ತಂದ. ಮಾಲೀಕರು, "ಏನಕ್ಕೆ?" ಅಂದಾಗ, "ಹಿಂಭಾಗ ಖಾಲಿ ಇದೆಯಲ್ಲ ಸಾರ್," ಅಂದ.

ಹಿತ್ತಲಿನ ಗೋಡೆಗೆ ಹಳೆಯ ಹಾಸಿಗೆ ಒರಗಿತು. ಹಾಸಿಗೆಗೆ ಹಲಗೆ, ಹಲಗೆಗೆ ಫೋಟೋ. ಬೆನ್ನು ಹೊರಕ್ಕೆ, ಮುಖ ಹಲಗೆಗೆ. ಕೈಗೆ ರೂಢಿಯಾದ ಕೆಲಸ. ಕಣ್ಣು ಮುಖದ ಕಡೆ ಹೋಗಲೇ ಇಲ್ಲ. ಬಟ್ಟಲು ಮಗುಚಿ ಸುತ್ತು ಎಳೆದು, ನಡುವೆ ಒಂದು ಕಪ್ಪು ಚುಕ್ಕೆ ಇಟ್ಟ. ನಳಿಗೆ ಬಗ್ಗಿಸಿ, ಸೀಸದ ಗುಂಡಿಟ್ಟು, ಉಸಿರು ಬಿಗಿ ಹಿಡಿದು, ಕಪ್ಪು ಚುಕ್ಕೆಗೆ ಗುರಿಯಿಟ್ಟು ಕುದುರೆ ಎಳೆದ.

ಟಪ್.

ಗುಂಡು ಚುಕ್ಕೆಯ ಹತ್ತಿರ ಸುಳಿಯದೆ ಸ್ವಲ್ಪ ಮೇಲೆ, ಸ್ವಲ್ಪ ಎಡಕ್ಕೆ ಬಿತ್ತು. ಇನ್ನೊಂದು ಹೊಡೆದ. ಅದೂ ಅಲ್ಲಿಗೇ. ಕೆಳಕ್ಕೆ ಗುರಿಯಿಟ್ಟರೂ ಅಲ್ಲಿಗೇ, ಬಲಕ್ಕೆ ಗುರಿಯಿಟ್ಟರೂ ಅಲ್ಲಿಗೇ. ಒಮ್ಮೆ ಸೀನು ಬಂದು ನಳಿಗೆ ಆಕಾಶಕ್ಕೆ ಹೋಗಿತ್ತು. ಆ ಗುಂಡೂ ಅಲ್ಲಿಗೇ ಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಗನ್ನು ಕೆಳಗಿಟ್ಟು ಓಡುತ್ತಿದ್ದರು. ಅಂಚಣ್ಣನಿಗೆ ಹೆಮ್ಮೆಯಾಯಿತು. "ನೋಡಿದ್ಯೇನೇ, ಎಲ್ಲಾ ಒಂದೇ ತೂತಿಗೆ ಹೋಗ್ತಿದೆ! ಇದಕ್ಕೆ ಏನಂತಾರೆ ಗೊತ್ತಾ? ಸ್ಥಿರತೆ!"

"ಚುಕ್ಕೆ ಎಲ್ಲಿದೆ, ತೂತು ಎಲ್ಲಿದೆ?" ಅಂದಳು ಹೆಂಡತಿ ಒಳಗಿನಿಂದ.

"ಅದು ಆಮೇಲಿನ ವಿಷಯ."

ಹೊಡೆದಾದ ಹಾಳೆಗಳನ್ನು ಅವನು ಹಿತ್ತಲಿನ ಬಟ್ಟೆ ತಂತಿಗೆ ಕ್ಲಿಪ್ಪು ಹಾಕಿ ಸಾಲಾಗಿ ತೂಗುಹಾಕಿದ. ಸ್ಟುಡಿಯೋದಲ್ಲಿ ತೊಳೆದ ಫೋಟೋಗಳನ್ನು ಹಾಗೆ ತೂಗಿ ತೂಗಿ ಕೈಗೆ ಬಂದ ಅಭ್ಯಾಸ. ಸುತ್ತು ಬರೆದ ಬೆನ್ನು ತನ್ನ ಮನೆಯ ಕಡೆ. ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತ ತನ್ನ ಸಾಧನೆಯನ್ನು ನೋಡಬೇಕಲ್ಲ. ತಂತಿಯ ಆಚೆ ಮೋಟುಗೋಡೆ, ಗೋಡೆಯಾಚೆ ಬೀದಿ, ಬೀದಿಯಲ್ಲಿ ಜನ. ಬೆನ್ನು ಈಚೆಗಿದ್ದರೆ ಮುಖ ಯಾವ ಕಡೆಗಿರುತ್ತದೆ ಎಂಬ ಯೋಚನೆ ಅಂಚಣ್ಣನಿಗೆ ಬರಲಿಲ್ಲ. ಬರುವ ಅಭ್ಯಾಸವೇ ಇರಲಿಲ್ಲ.

ಗಾಳಿಯಿಲ್ಲದ ಸಂಜೆಯಲ್ಲೂ ಆ ಹಾಳೆಗಳು ಮೆಲ್ಲಗೆ ಒಂದಕ್ಕೊಂದು ತಗಲಿ ಟಕಟಕ ಎನ್ನುತ್ತಿದ್ದವು. ಬೀದಿಯಲ್ಲಿ ಹೋಗುತ್ತಿದ್ದವರ ಹೆಜ್ಜೆ ಗೋಡೆಯ ಬಳಿ ಬಂದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಬಿರಬಿರನೆ ದೂರವಾಗುವ ಹೆಜ್ಜೆ. "ನನ್ನ ಗುರಿ ನೋಡೋಕೆ ಜನ ನಿಲ್ತಾರೆ," ಅಂದ ಅಂಚಣ್ಣ ಹೆಂಡತಿಗೆ.

ಆ ವಾರವಿಡೀ ಬೀದಿಗೆ ಬೀದಿಯೇ ಬದಲಾಯಿತು. ಅವನ ಬಾಗಿಲಿಗೆ ಅಡ್ಡವಾಗಿ ನಿಲ್ಲುತ್ತಿದ್ದ ಸ್ಕೂಟರು ತಾನಾಗಿ ಸರಿಯಿತು. ಅಂಗಡಿಯಲ್ಲಿ ಸಾಲಿನಲ್ಲಿ ನಿಂತವರು ಅವನನ್ನು ಕಂಡ ಕೂಡಲೇ ಗೋಡೆಗಂಟಿ ದಾರಿ ಬಿಟ್ಟರು. ಯಾರೂ ಮಾತಾಡುತ್ತಿರಲಿಲ್ಲ, ಎಲ್ಲರೂ ನಗುತ್ತಿದ್ದರು, ಹಲ್ಲು ಮಾತ್ರ. ಗುರಿಕಾರನಿಗೆ ಸಲ್ಲಬೇಕಾದ ಮರ್ಯಾದೆ ಇಷ್ಟು ತಡವಾಗಿ ಸಿಕ್ಕಿತಲ್ಲ ಎಂದು ಅಂಚಣ್ಣ ಒಳಗೊಳಗೇ ಮರುಗಿದ.

ಮೊದಲು ಬಂದವರು ಎದುರುಮನೆಯ ವಿಮೆ ಏಜೆಂಟರು. ಎಡಗಣ್ಣಿಗೆ ಹತ್ತಿಯ ಪಟ್ಟಿ. ಕುರ್ಚಿಯ ತುದಿಯಲ್ಲಿ ಕೂತರು.

"ಅಂಚಣ್ಣೋರೇ, ನಾವು ನೆರೆಹೊರೆಯೋರು. ನಮ್ಮಿಂದ ಏನಾದ್ರೂ ತಪ್ಪಾಗಿದ್ರೆ ನೇರವಾಗಿ ಹೇಳಬಹುದಿತ್ತು."

"ಛೆ ಛೆ, ನಿಮ್ಮಿಂದ ಏನು ತಪ್ಪು?"

"ಮತ್ತೆ... ಯಾರನ್ನ ಅಂತ ಹೇಗೆ ಆರಿಸ್ತೀರಿ?"

ಅಂಚಣ್ಣ ಹಾಳೆಯ ವಿಷಯ ಎಂದುಕೊಂಡ. "ಆರಿಸೋದೇನು? ಕಟ್ಟಿನಿಂದ ಕೈಗೆ ಬಂದದ್ದನ್ನ ಎಳ್ಕೊಳ್ಳೋದು. ದಪ್ಪ ಇದ್ದಷ್ಟೂ ಒಳ್ಳೇದು, ಬೇಗ ಹರಿಯಲ್ಲ."

ಏಜೆಂಟರು ತಮ್ಮ ಹೊಟ್ಟೆಯನ್ನೊಮ್ಮೆ ಮುಟ್ಟಿ ನೋಡಿಕೊಂಡರು. "ಎಡಗಡೆಗೇ ಯಾಕೆ ಹೊಡೀತೀರಿ?"

"ನಾನು ನಡುವಿಗೇ ಗುರಿ ಇಡೋದು ಸ್ವಾಮಿ. ಅದೇ ಎಡಕ್ಕೆ ಹೋಗತ್ತೆ. ನನ್ನ ಕೈಲೇನೂ ಇಲ್ಲ."

"ಅದೇ ಹೋಗತ್ತಾ?"

"ತಾನಾಗಿ. ನಾನು ಸುಮ್ಮನೆ ಹಿಡ್ಕೊಂಡಿರ್ತೀನಿ ಅಷ್ಟೇ."

ಏಜೆಂಟರು ಎದ್ದು ನಿಂತರು. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಮನೆಯಿಂದ ವಿಮೆಯ ಮಾತೆತ್ತದೆ ಹೊರಟರು. ಬಾಗಿಲಲ್ಲಿ ತಿರುಗಿ, "ಒಂದು ಸಲ ಆದೋರ್ದು ಮತ್ತೆ ಹಾಕ್ತೀರಾ?" ಎಂದು ಕೇಳಿದರು.

"ತೂತು ದೊಡ್ಡದಾದ ಮೇಲೆ ಇಟ್ಕೊಂಡು ಏನು ಮಾಡೋದು? ಒಲೆಗೆ."

ಏಜೆಂಟರು ಚಪ್ಪಲಿ ಅಲ್ಲೇ ಬಿಟ್ಟು ಹೋದರು.

ಮರುದಿನ ಬಂದವಳು ಹಿಂದಿನ ಮನೆಯ ಟೈಲರಮ್ಮ. ಅವಳದೂ ಎಡಗಣ್ಣು ಕೆಂಪಾಗಿ ಊದಿ, ನೀರು ಸುರಿಯುತ್ತಿತ್ತು. ಜಗಳಕ್ಕೆ ಬಂದಳೆಂದು ಅಂಚಣ್ಣ ಒಳಗೆ ಸರಿಯುವಷ್ಟರಲ್ಲಿ ಅವಳು ಸೆರಗಿನಿಂದ ಒಂದು ಫೋಟೋ ತೆಗೆದು, ಆಚೀಚೆ ನೋಡಿ, ಅವನ ಕೈಗೆ ತುರುಕಿದಳು. "ಅಣ್ಣಾ, ನಂದು ಆಗಿದ್ದು ಆಯ್ತು. ಹೋಗ್ಲಿ. ಇದು ನಮ್ಮ ನಾದಿನಿ. ಎಡಗಡೆ ನಿಂತಿದ್ದಾಳಲ್ಲ, ಅವಳು ಮಾತ್ರ. ಪಕ್ಕದಲ್ಲಿರೋದು ನಮ್ಮೆಜಮಾನ್ರು, ಅವರಿಗೆ ತಾಗಬಾರದು."

ಅಂಚಣ್ಣ ಫೋಟೋವನ್ನು ಅಭ್ಯಾಸಬಲದಿಂದ ಮಗುಚಿ, ಬೆರಳಲ್ಲಿ ತಿಕ್ಕಿ ನೋಡಿ, "ಇದು ತೆಳು ಕಾಗದಮ್ಮ. ಒಂದೇ ಏಟಿಗೆ ಪೂರ್ತಿ ಹೋಗಿಬಿಡತ್ತೆ," ಅಂದ.

"ಪೂರ್ತಿಯಾ?" ಟೈಲರಮ್ಮ ಎದೆ ಹಿಡಿದುಕೊಂಡಳು. ಸ್ವಲ್ಪ ಯೋಚಿಸಿದಳು. ಆಮೇಲೆ, "ಅಷ್ಟು ಬೇಡ ಅಣ್ಣಾ, ಏನಿದ್ರೂ ಮನೆ ಮಗಳು," ಎಂದು ಫೋಟೋ ಕಿತ್ತುಕೊಂಡು ಓಡಿದಳು.

ಷಡ್ಡಕನ ಫೋನು ಬಂತು. ಅವನ ದನಿ ಎಂದಿನಂತಿರಲಿಲ್ಲ. "ಭಾವ, ಪಂದ್ಯ ಮುಂದಕ್ಕೆ ಹೋಯ್ತು. ಕ್ಲಬ್ಬಲ್ಲಿ ಯಾರಿಗೂ ಮೈ ಸರಿ ಇಲ್ಲ. ಅದಿರ್ಲಿ, ನಿಮ್ಮ ಮದುವೆ ಫೋಟೋದಲ್ಲಿ ಕೊನೇ ಸಾಲಲ್ಲಿ ನಾನಿದ್ದೀನಲ್ಲ, ಅದು ಈಗ ಯಾರ ಹತ್ರ ಇದೆ?"

"ನಮ್ಮ ಮನೇಲೇ ಇರಬೇಕು. ಯಾಕೆ?"

ಫೋನು ಕಟ್ಟಾಯಿತು.

ಊರಿನಲ್ಲಿ ಕಣ್ಣುಬೇನೆ ಎದ್ದಿದೆ ಎಂದು ಕಣ್ಣಿನ ಡಾಕ್ಟರು ಎಲ್ಲರಿಗೂ ಹೇಳಿದರು. ಹನಿ ಬರೆದುಕೊಟ್ಟರು, ಕೈ ತೊಳೆಯಿರಿ ಅಂದರು. ಆದರೆ ಏಜೆಂಟರನ್ನು ನೋಡಿದಾಗ, ಟೈಲರಮ್ಮನನ್ನು ನೋಡಿದಾಗ, ಆಮೇಲೆ ಬಂದ ಬೀದಿಯವರನ್ನೆಲ್ಲ ನೋಡಿದಾಗ ಅವರೂ ದೀಪ ಆರಿಸಿ, ಮತ್ತೆ ಹಚ್ಚಿ ನೋಡಿದರಂತೆ. "ಇದು ಎರಡೂ ಕಣ್ಣಿಗೆ ಹರಡಬೇಕು. ನಿಮ್ಮ ಬೀದಿಯೋರಿಗೆ ಯಾಕೋ ಎಡಗಣ್ಣು ಬಿಟ್ಟು ಆಚೆ ಹೋಗ್ತಿಲ್ಲ," ಅಂದರಂತೆ.

ಕೊನೆಗೆ ಠಾಣೆಯಿಂದ ದಫೇದಾರರು ಬಂದರು. ಕರಿ ಕನ್ನಡಕ ಹಾಕಿಕೊಂಡೇ ಬಂದರು; ಬಾಗಿಲಲ್ಲಿ ಟೋಪಿಯಿಂದ ಮುಖ ಅರ್ಧ ಮುಚ್ಚಿಕೊಂಡರು.

"ಅಂಚಣ್ಣ ಅಂದ್ರೆ ನೀವೇನಾ? ಬೀದಿಯೋರು ಅರ್ಜಿ ಕೊಟ್ಟಿದ್ದಾರೆ. ಯಾವ ಕಲಂ ಹಾಕಬೇಕು ಅಂತ ನಮ್ಮ ಸಾಹೇಬರಿಗೇ ಗೊತ್ತಾಗ್ತಿಲ್ಲ. ಹೊಡೆದಿದ್ದೀರಿ, ಆದ್ರೆ ಹೊಡೆದಿಲ್ಲ. ಗಾಯ ಆಗಿದೆ, ಗುಂಡು ಸಿಕ್ಕಿಲ್ಲ."

"ನಾನು ಯಾರಿಗೆ ಹೊಡೆದೆ ಸಾರ್? ಸುತ್ತು ಬರೆದು ಹೊಡೀತೀನಿ. ಬನ್ನಿ, ನೀವೇ ನೋಡಿ."

ಇಬ್ಬರೂ ಹಿತ್ತಲಿಗೆ ಬಂದರು. ತಂತಿಯ ಮೇಲೆ ಹಾಳೆಗಳು ಅಲುಗದೆ ನಿಂತಿದ್ದವು. ಒಂದೊಂದರಲ್ಲೂ ಮೇಲೆ ಎಡಕ್ಕೆ ಒಂದೇ ತೂತು, ತೂತಿನಿಂದಾಚೆ ಸಂಜೆಯ ಬೆಳಕು. ಮೋಟುಗೋಡೆಯ ಮೇಲೆ ಬೀದಿಯವರ ತಲೆಗಳು, ಪಟ್ಟಿ ಕಟ್ಟಿದವು. ಅಂಚಣ್ಣ ಹೆಮ್ಮೆಯಿಂದ ಕೈ ತೋರಿಸಿ, "ಸ್ಥಿರತೆ ಗಮನಿಸಿ," ಅಂದ.

"ತಂತಿಯಾಚೆ ಬನ್ನಿ," ಅಂದರು ದಫೇದಾರರು.

ಅಂಚಣ್ಣ ಬಗ್ಗಿ ತಂತಿಯ ಆಚೆ ಹೋಗಿ ತಿರುಗಿದ.

ವಿಮೆ ಏಜೆಂಟರು ಅವನನ್ನು ನೋಡಿದರು, ಒಂದೇ ಕಣ್ಣಿನಿಂದ. ಪಕ್ಕದಲ್ಲಿ ಟೈಲರಮ್ಮ, ಬಟ್ಟೆ ಅಂಗಡಿಯ ಮುದುಕ, ಸ್ಕೂಟರಿನ ಹುಡುಗಿ, ಅಂಚೆಯವನು. ಎಲ್ಲರೂ ಅರೆನಗುವಿನಲ್ಲಿ, ಎಲ್ಲರಿಗೂ ಎಡಗಣ್ಣಿದ್ದ ಜಾಗದಲ್ಲಿ ಆಕಾಶ. ಹಿಂದೆ ಗೋಡೆಯ ಮೇಲೆ ಅವೇ ಮುಖಗಳು ಜೀವಂತ ನಿಂತಿದ್ದವು. ಹಿಂದೆ ನೋಡಲೂ ಆಗದೆ ಮುಂದೆ ನೋಡಲೂ ಆಗದೆ ಅಂಚಣ್ಣ ತನ್ನ ಚಪ್ಪಲಿ ನೋಡಿಕೊಂಡ.

"ಸಾರ್, ನಾನು ಇವರ ಮುಖ ನೋಡೇ ಇಲ್ಲ."

"ಅದನ್ನೇ ಅವರೂ ಹೇಳ್ತಿರೋದು. ಮುಖ ನೋಡದೆ ಹೊಡೆದ ಅಂತ." ದಫೇದಾರರು ಸಾಲನ್ನು ಬೆರಳಿಟ್ಟು ನೋಡುತ್ತ ಹೋದರು. ಕೊನೆಯ ಹಾಳೆಯ ಎದುರು ನಿಂತು, ಮೆಲ್ಲಗೆ ಕರಿ ಕನ್ನಡಕ ತೆಗೆದರು. ಹಾಳೆಯ ಮೇಲಿದ್ದ ದಫೇದಾರರೂ ಟೋಪಿ ಹಾಕಿಕೊಂಡು ಒಂದೇ ಕಣ್ಣಲ್ಲಿ ಅವರನ್ನೇ ನೋಡುತ್ತಿದ್ದರು. "ಬಡ್ತಿ ಸಿಕ್ಕಾಗ ತೆಗೆಸಿದ್ದು," ಅಂದರು ಅವರು ಸಣ್ಣ ದನಿಯಲ್ಲಿ. "ಕಿವಿ ದೊಡ್ಡದಾಗಿ ಬಂದಿದೆ ಅಂತ ಬಿಟ್ಟುಬಂದಿದ್ದೆ."

ಯಾರೂ ನಗಲಿಲ್ಲ.

"ಹಲಗೆ ಮೇಲೆ ಇನ್ನೊಂದು ಇದೆಯಲ್ಲ," ಅಂದಳು ಟೈಲರಮ್ಮ ಗೋಡೆಯಾಚೆಯಿಂದ. "ಅದು ಯಾರದು?"

ಹಲಗೆಯ ಮೇಲೆ ಆ ಬೆಳಿಗ್ಗೆ ಅಂಟಿಸಿದ ಹಾಳೆ ಇತ್ತು. ಒಂದೇ ಗುಂಡು ಹೊಡೆದಿದ್ದ. ಅಷ್ಟರಲ್ಲಿ ಕೆಲಸಕ್ಕೆ ಹೊತ್ತಾಗಿತ್ತು. ಗೋಡೆಯ ಮೇಲಿದ್ದವರೆಲ್ಲ ತಮ್ಮ ತಮ್ಮ ಬಲಗಣ್ಣು ಅಗಲಿಸಿದರು. ಅಂಚಣ್ಣ ಮೂಲೆಯಲ್ಲಿ ಉಗುರು ಹಾಕಿ ನಿಧಾನವಾಗಿ ಎಬ್ಬಿಸಿದ. ಅಂಟು ಚರಚರ ಎಂದಿತು. ಮಗುಚಿದ.

ಅವನ ಹೆಂಡತಿ.

ಒಳಗಿನಿಂದ ಅವಳ ದನಿ ಬಂತು: "ರೀ, ಸ್ವಲ್ಪ ಬನ್ನಿ. ಬೆಳಿಗ್ಗೆಯಿಂದ ಎಡಗಣ್ಣಲ್ಲಿ ಏನೋ ಬಿದ್ದ ಹಾಗಿದೆ. ಭೂತಗನ್ನಡಿ ನಿಲ್ತಾನೇ ಇಲ್ಲ."

ಮಾರನೆಯ ದಿನಕ್ಕೆ ಅವಳ ಕಣ್ಣು ಪೂರ್ತಿ ಮುಚ್ಚಿಹೋಯಿತು. ಹನಿ ಹಾಕಿದ್ದಾಯಿತು, ಬಿಸಿ ಬಟ್ಟೆ ಒತ್ತಿದ್ದಾಯಿತು. ಬೇರೆಯವರ ಊತ ಕೆಂಪಗಿದ್ದರೆ ಇವಳದು ಬಿಳುಚಿಕೊಂಡಿತ್ತು, ರೆಪ್ಪೆಯ ಒಳಗೆ ಏನೂ ಇಲ್ಲವೆಂಬಂತೆ ಒಳಕ್ಕೆ ಕುಸಿದಿತ್ತು. ಡಾಕ್ಟರು ನೋಡಿ, "ಕಾಯೋಣ," ಅಂದರು. ಡಾಕ್ಟರ ಬಾಯಲ್ಲಿ ಈ ಮಾತಿಗಿಂತ ಕೆಟ್ಟದ್ದು ಇನ್ನೊಂದಿಲ್ಲ.

ಮುಂದಿನ ಕೋಣೆಯಲ್ಲಿ ಬಿಚ್ಚಿದ ವಾಚುಗಳು ಬಟ್ಟಲುಗಳಲ್ಲಿ ಬಿದ್ದಿದ್ದವು. ಅವಳು ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿದಳು, ನಿಲ್ಲಿಸಿದಳು. "ಅಪ್ಪ ಎಡಗಣ್ಣಿಗೇ ಕಲಿಸಿದ್ದು. ಇದಕ್ಕೆ ಎಲ್ಲಾ ಚಕ್ರವೂ ಒಂದೇ ಥರ ಕಾಣತ್ತೆ." ಭೂತಗನ್ನಡಿ ಕೆಳಗಿಟ್ಟು, "ಎಡಗಣ್ಣು ಹೋದ್ರೆ ಕೆಲಸ ಹೋಯ್ತು ರೀ. ನನಗೆ ಬೇರೇನೂ ಬರಲ್ಲ," ಅಂದಳು.

"ನೀನು ಯಾವಾಗ ಫೋಟೋ ತೆಗೆಸಿದೆ? ನನಗೆ ಹೇಳಲೇ ಇಲ್ಲ."

"ಅಂಗಡಿ ಬೋರ್ಡಿಗೆ ಹಾಕೋಣ ಅಂತ ತೆಗೆಸಿದ್ದೆ. ಬಂದು ನೋಡಿದೆ, ನನ್ನ ಥರ ಇರಲಿಲ್ಲ, ಬಿಟ್ಟುಬಂದೆ." ಅವಳು ಇದ್ದ ಒಂದೇ ಕಣ್ಣನ್ನು ಅವನ ಕಡೆ ತಿರುಗಿಸಿದಳು. "ಅದರ ಅಂಚು ಕತ್ತರಿಸಿದ್ದು ನೀವೇ. ನಾನು ನಿಮ್ಮ ಕೋಣೆ ಪರದೆ ಈಚೆ ನಿಂತು ನೋಡ್ತಿದ್ದೆ. ಈಗ ಮಗುಚ್ತಾರೆ, ಈಗ ಮಗುಚ್ತಾರೆ ಅಂತ."

ಅಂಚಣ್ಣ ಎದ್ದು ಹೋಗಿ ಗನ್ನು ತಂದು ಅವಳ ಮುಂದಿಟ್ಟ. ಅವಳು ಕಣ್ಣಿನ ಸಹಾಯವಿಲ್ಲದೆ ಬೆರಳಲ್ಲೇ ತಡವಿ, ತಿರುಪು ಬಿಚ್ಚಿ, ಒಳಗಿನ ಸ್ಪ್ರಿಂಗ್ ಎಳೆದು ಹೊರಗೆ ಹಾಕಿದಳು. ಅದು ಮೇಜಿನ ಮೇಲೆ ಬಿದ್ದು ಸುಮಾರು ಹೊತ್ತು ನಡುಗುತ್ತಿತ್ತು. ಉಳಿದದ್ದನ್ನು ದಫೇದಾರರು ಒಯ್ದು ಠಾಣೆಯ ಮೂಲೆಯಲ್ಲಿ, ನಳಿಗೆ ಗೋಡೆಯ ಕಡೆ ಮಾಡಿ ನಿಲ್ಲಿಸಿದರು.

ಆಮೇಲೆ ಅಂಚಣ್ಣ ತನಗೆ ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿದ. ಸ್ಟುಡಿಯೋದಿಂದ ಫೋಟೋ ತಿದ್ದುವ ಬಣ್ಣ, ಕೂದಲೆಳೆಯ ಕುಂಚ ತಂದ. ಹೆಂಡತಿಯ ಫೋಟೋದ ತೂತಿಗೆ ಹಿಂದಿನಿಂದ ಕಾಗದ ಅಂಟಿಸಿದ. ಕುಂಚ ಎತ್ತಿದ, ಕೂತ, ಬೆವರಿದ. ಅವಳ ಕಣ್ಣು ಹೇಗಿತ್ತು? ಇಷ್ಟು ವರ್ಷ ಒಟ್ಟಿಗೆ ಬಾಳಿದ ಹೆಂಗಸಿನ ಕಣ್ಣು ಅವನಿಗೆ ನೆನಪಿರಲಿಲ್ಲ. ಕಿವಿಯ ಅಂಚು ಗೊತ್ತಿತ್ತು, ಜಡೆಯ ತುದಿ ಗೊತ್ತಿತ್ತು.

"ಬಲಗಣ್ಣು ಇದೆಯಲ್ಲ, ಕನ್ನಡಿ ತಗೊಳ್ಳಿ," ಅಂದಳು ಅವಳು. "ಕನ್ನಡಿಯೊಳಗೆ ಅದೇ ಎಡಗಣ್ಣಾಗತ್ತೆ. ನೋಡಿ ಬರೀರಿ."

ಅವಳು ಕನ್ನಡಿ ಹಿಡಿದು ಕೂತಳು. ಅವನು ನೋಡಿದ. ನೋಡಿದಷ್ಟೂ ಅದೂ ನೋಡಿತು. ಕನ್ನಡಿಯೊಳಗಿನ ಆ ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ. ಅವನು ಹೇಳಿದ ಸುಳ್ಳುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಬಟ್ಟಲಿಗೆ ಹಾಕುತ್ತಿರುವಂತಿತ್ತು. "ಸ್ವಲ್ಪ ಆಚೆ ನೋಡೇ," ಅಂದ. "ಆಚೆ ನೋಡಿದ್ರೆ ನೀವು ಆಚೆ ನೋಡೋ ಕಣ್ಣು ಬರೀತೀರಿ. ಬರೀರಿ ಸುಮ್ನೆ," ಅಂದಳು. ಕೆಡಿಸಿದ, ಒರೆಸಿದ, ಮತ್ತೆ ಬರೆದ. ದಿನವಿಡೀ ಕೂತು, ಕೊನೆಗೆ ಕಾಗದದ ಮೇಲೆ ಒಂದು ಕಣ್ಣು ತೆರೆಯಿತು.

ಬೆಳಿಗ್ಗೆ ಅವಳು ಎರಡೂ ಕಣ್ಣು ಬಿಟ್ಟುಕೊಂಡು ಎದ್ದಳು. ಭೂತಗನ್ನಡಿ ಸಿಕ್ಕಿಸಿದಳು, ನಿಂತಿತು. ಒಂದು ವಾಚು ಎತ್ತಿಕೊಂಡಳು. ಅಂಚಣ್ಣ ಅಡುಗೆಮನೆಗೆ ಹೋಗಿ, ಕಾರಣವಿಲ್ಲದೆ ಒಲೆಯ ಮುಂದೆ ನಿಂತು ಮೂಗೊರೆಸಿಕೊಂಡ.

ಸುದ್ದಿ ತಿಳಿಯುವುದೇ ತಡ, ಬಾಗಿಲ ಮುಂದೆ ಸಾಲು. ತಮ್ಮ ಫೋಟೋ ತಾವಲ್ಲವೆಂದು ಬಿಟ್ಟುಹೋದವರೆಲ್ಲ ಈಗ, "ಅದು ನಾನೇ, ನಾನೇ!" ಎಂದು ಕೂಗುತ್ತಿದ್ದರು. ತಂತಿಯಿಂದ ಒಂದೊಂದನ್ನೇ ಇಳಿಸಿ ಅಂಚಣ್ಣ ತೂತು ಮುಚ್ಚುತ್ತ ಕೂತ. ಏಜೆಂಟರಿಗೆ ಕಣ್ಣು ಬರೆದ. ಟೈಲರಮ್ಮನಿಗೆ ಬರೆದ. ದಫೇದಾರರು, "ಜೊತೆಗೆ ಕಿವಿಯನ್ನೂ ಸ್ವಲ್ಪ ಕಡಿಮೆ ಮಾಡಿ," ಅಂದರು. "ಕಿವಿ ಮುಟ್ಟೋದು ಬೇಡ ಸಾರ್," ಅಂದ ಅಂಚಣ್ಣ ಗಾಬರಿಯಿಂದ. ಅವರೂ ಯೋಚಿಸಿ, ಕಿವಿ ಮುಟ್ಟಿಕೊಂಡು, "ಬೇಡ ಬೇಡ," ಅಂದರು. ಒಂದೆರಡು ದಿನದಲ್ಲಿ ಎಲ್ಲರ ಪಟ್ಟಿಗಳೂ ಬಿಚ್ಚಿದವು. ಬೇನೆಯ ಅವಧಿ ಮುಗಿಯಿತೆಂದು ಡಾಕ್ಟರು ಹೇಳಿದರು. ಬೀದಿಯವರು ಅವರಿಗೆ ಎದುರಾಡಲಿಲ್ಲ, ಅಷ್ಟೇ.

ಒಂದು ವಿಷಯವನ್ನು ಮಾತ್ರ ಯಾರೂ ಗಮನಿಸಲಿಲ್ಲ. ಅಂಚಣ್ಣನಿಗೆ ಬರೆಯಲು ಬರುತ್ತಿದ್ದದ್ದು ಒಂದೇ ಕಣ್ಣು. ಅವನ ಕೈ ಅದನ್ನು ಬಿಟ್ಟು ಬೇರೆ ಕಲಿತಿರಲಿಲ್ಲ. ಏಜೆಂಟರ ಮುಖದಲ್ಲೂ ಅದೇ, ದಫೇದಾರರ ಮುಖದಲ್ಲೂ ಅದೇ.

ಕೆಲವು ವಾರ ಕಳೆದವು. ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಅಂಚಣ್ಣ ಬೇರೆ ಬೀದಿಗೆ ತಿರುಗಿ, ಬ್ಯಾಂಡಿನವರ ಅಂಗಡಿಯ ಮುಂದೆ ನಿಂತ. ಅಲ್ಲೊಂದು ಹಿತ್ತಾಳೆಯ ತುತ್ತೂರಿ ಥಳಥಳ ಹೊಳೆಯುತ್ತಿತ್ತು. ಸ್ಟುಡಿಯೋದಲ್ಲಿ ಅವತ್ತು ಮಾತಿಗೆ ಮಾತು ಬಂದು, ತಾನು ಚಿಕ್ಕಂದಿನಲ್ಲಿ ತುತ್ತೂರಿ ಊದುತ್ತಿದ್ದೆ ಎಂದುಬಿಟ್ಟಿದ್ದ. ಒಳಗೆ ಹೋದ, ಅದನ್ನೆತ್ತಿ ತೂಗಿ ನೋಡಿದ, ಇದಕ್ಕಿಂತ ಕಡಿಮೆಯದು ಇದೆಯೇ ಎಂದು ಕೇಳಿದ. ಹೊರಗೆ ಬಂದಾಗ ಎದುರಿನಿಂದ ಏಜೆಂಟರು ಬರುತ್ತಿದ್ದರು. "ಏನು ಅಂಚಣ್ಣೋರೇ, ಈ ಕಡೆ?" ಎಂದು ನಕ್ಕರು. ಬಲಗಣ್ಣು ನಕ್ಕಿತು. ಎಡಗಣ್ಣು ನಗಲಿಲ್ಲ, ಅಂಗಡಿಯ ಬೋರ್ಡನ್ನು ನೋಡಿತು, ಅವನ ಕೈ ನೋಡಿತು, ಆಮೇಲೆ ಅವನನ್ನು ನೋಡಿತು. ಅಂಚಣ್ಣ ಬೇಗ ಬೇಗ ನಡೆದ. ಮೂಲೆಯಲ್ಲಿ ಟೈಲರಮ್ಮ ಬಟ್ಟೆಗಂಟು ಹೊತ್ತು ನಿಂತಿದ್ದಳು. ಅವಳು ಬೇರೆ ಯಾರೊಂದಿಗೋ ಮಾತಾಡುತ್ತಿದ್ದಳು, ಅವಳ ಎಡಗಣ್ಣು ಮಾತ್ರ ಅವನನ್ನು ಬೀದಿಯ ತುದಿಯವರೆಗೂ ಕಳಿಸಿಕೊಟ್ಟಿತು.

ಮನೆಯಲ್ಲಿ ಹೆಂಡತಿ ಮೇಜಿಗೆ ಬಾಗಿ ಕೂತಿದ್ದಳು. ಅವಳ ಸುತ್ತ ವಾಚುಗಳು ಟಿಕಟಿಕ ಎನ್ನುತ್ತಿದ್ದವು.

"ಹೊತ್ತಾಯ್ತಲ್ಲ?" ಅಂದಳು ತಲೆಯೆತ್ತದೆ.

"ಸ್ಟುಡಿಯೋದಲ್ಲಿ ಕೆಲಸ ಜಾಸ್ತಿ ಇತ್ತು. ನೆಟ್ಟಗೆ ಅಲ್ಲಿಂದಲೇ ಬರ್ತಿದ್ದೀನಿ."

"ತುತ್ತೂರಿ ಬೇಡ ರೀ."

ಅಂಚಣ್ಣ ಚಪ್ಪಲಿ ಬಿಡುತ್ತಿದ್ದವನು ಒಂಟಿ ಕಾಲಲ್ಲೇ ನಿಂತ. "ಯಾರು ಹೇಳಿದ್ರು?"

"ಯಾರು ಹೇಳಬೇಕು? ನೋಡಿದೆ."

"ನೀನು ಆಚೆ ಹೋಗಿದ್ಯಾ?"

"ಬೆಳಿಗ್ಗೆಯಿಂದ ಈ ಕುರ್ಚಿ ಬಿಟ್ಟು ಎದ್ದಿಲ್ಲ." ಅವಳು ಚಿಮುಟದಲ್ಲಿ ಒಂದು ಸಣ್ಣ ಚಕ್ರ ಎತ್ತಿ ಅದರ ಜಾಗದಲ್ಲಿ ಕೂರಿಸಿದಳು. ನಿಂತಿದ್ದ ವಾಚು ಓಡತೊಡಗಿತು. "ಬಾಗಿಲು ಹಾಕ್ಕೊಳ್ಳಿ. ದಫೇದಾರರು ನಮ್ಮ ಬೀದಿಗೆ ತಿರುಗ್ತಿದ್ದಾರೆ. ನೀವು ಒಂಟಿ ಕಾಲಲ್ಲಿ ನಿಂತಿರೋದು ಅಲ್ಲಿಂದಲೂ ಕಾಣತ್ತೆ."